ಬಾಗಿಲ ಮುಂದಿನ ಮೂರು ಚಪ್ಪಾಳೆ

ಗರ್ಭಗುಡಿಯ ಬಾಗಿಲು ತೆಗೆಯುವ ಮುನ್ನ ಮೂರು ಸಲ ಚಪ್ಪಾಳೆ ತಟ್ಟಬೇಕು. ಹೊಳೆನರಸೀಪುರದ ಸಂಪತ್ಕುಮಾರರಿಗೆ ಇದನ್ನು ಕಲಿಸಿದವರು ಅವರ ತಂದೆ. ರಾತ್ರಿ ನಾವು ಬೀಗ ಹಾಕಿಕೊಂಡು ಮನೆಗೆ ಹೋದ ಮೇಲೆ ದೇವತೆಗಳೂ ಋಷಿಗಳೂ ಬಂದು ಸ್ವಾಮಿಗೆ ಪೂಜೆ ಮಾಡುತ್ತಿರುತ್ತಾರಂತೆ. ನರಮನುಷ್ಯ ಹೇಳದೆ ಕೇಳದೆ ನುಗ್ಗಿದರೆ ಅವರಿಗೆ ಮುಜುಗರ. ಚಪ್ಪಾಳೆ ಕೇಳಿಸಿದರೆ ತಮ್ಮ ಪಾಡಿಗೆ ತಾವು ಎದ್ದು ಹೋಗುತ್ತಾರೆ. "ಒಳಗೆ ಯಾರಿದಾರೋ ನಮ್ಮ ಕಣ್ಣಿಗೆ ಕಾಣೋದಿಲ್ಲ. ಕಾಣದೇ ಇರೋರಿಗೂ ಮರ್ಯಾದೆ ಕೊಡಬೇಕಪ್ಪ" ಎಂದು ತಂದೆ ಹೇಳಿದ್ದರು. ಎಳೆಯ ಅಂಗೈಗೆ ಅಂಟಿದ ಅಭ್ಯಾಸ ಅರವತ್ತು ದಾಟಿದರೂ ಬಿಟ್ಟಿರಲಿಲ್ಲ. ದೇವರ ಕೋಣೆ ಹಾಗಿರಲಿ, ಅಕ್ಕಿ ಮೂಟೆ ಇಡುವ ಕತ್ತಲೆ ಕೋಣೆಯ ಬಾಗಿಲನ್ನೂ ಅವರು ತಟ್ಟಿಯೇ ತೆಗೆಯುತ್ತಿದ್ದರು. "ಇಲಿಗಳಿಗೂ ಸುಪ್ರಭಾತವೇ?" ಎಂದು ಹೆಂಡತಿ ಬದುಕಿದ್ದಷ್ಟು ಕಾಲವೂ ಹಾಸ್ಯ ಮಾಡುತ್ತಿದ್ದರು.

ಅವರ ಮನೆತನಕ್ಕೆ ಸೇರಿದ ಪೂಜೆ ಇದ್ದದ್ದು ಪಟ್ಟಣದ ದೊಡ್ಡ ದೇವಸ್ಥಾನದಲ್ಲಲ್ಲ. ಅರಕಲಗೂಡಿನ ದಾರಿಯಲ್ಲಿ ಕಲ್ಲುತೂಬಿನಹಳ್ಳಿ ಎಂಬ ಊರಿದೆ. ಅಲ್ಲಿ ಕೆರೆಯ ಹಿಂದೆ ಚೆನ್ನಕೇಶವನ ಪುಟ್ಟ ಗುಡಿ. ಆಂಗೀರಸ ಸಂವತ್ಸರದಲ್ಲಿ, ಅಂದರೆ ತೊಂಬತ್ತೆರಡರಲ್ಲಿ, ಮಾಡಿನ ಕಲ್ಲುಚಪ್ಪಡಿ ಬಿರುಕು ಬಿಟ್ಟು ಮೂರ್ತಿಯ ಮೇಲೆಯೇ ನೀರು ಸುರಿಯತೊಡಗಿತು. ದುರಸ್ತಿ ಮಾಡಬೇಕಾದರೆ ಸ್ವಾಮಿಯನ್ನು ಹೊರಗೆ ಕರೆತರಬೇಕು. ಹಾಗಾಗಿ ಸಂಪತ್ಕುಮಾರರ ತಂದೆ ಮಂತ್ರಪೂರ್ವಕವಾಗಿ ದೇವರ ಸಾನ್ನಿಧ್ಯವನ್ನು ಕಲಶದ ನೀರಿಗೆ ಬರಮಾಡಿಕೊಂಡು, ಆ ಕಲಶವನ್ನು ತಲೆಯ ಮೇಲೆ ಹೊತ್ತು ಹೊರಗೆ ತಂದು, ಅಂಗಳದ ತಗಡಿನ ಚಪ್ಪರದಲ್ಲಿ ಒಂದು ಮರದ ಮೂರ್ತಿಗೆ ಆವಾಹನೆ ಮಾಡಿದರು. ಇದಕ್ಕೆ ಬಾಲಾಲಯ ಎನ್ನುತ್ತಾರೆ. ಶಿಲೆ ಒಳಗೇ ನಿಂತಿತು, ಸ್ವಾಮಿ ಹೊರಗೆ ಬಂದ. ಹನ್ನೆರಡು ವರ್ಷದೊಳಗೆ ಮತ್ತೆ ಒಳಗೆ ಸೇರಿಸಬೇಕು, ಮೀರಬಾರದು ಎಂಬುದು ಕಟ್ಟಳೆ. ಹನ್ನೆರಡು ವರ್ಷ ಯಾಕೆ ಬೇಕು, ಹನ್ನೆರಡು ತಿಂಗಳು ಸಾಕು ಎಂದು ಆಗ ಎಲ್ಲರೂ ಅಂದುಕೊಂಡಿದ್ದರು.

ಆದರೆ ಊರಿನಲ್ಲಿ ಎರಡು ಕೇರಿ. ಯಾರ ಹೆಸರು ಕಲ್ಲಿನ ಮೇಲೆ ಮೊದಲು ಬರಬೇಕೆಂಬ ಜಗಳ ಶುರುವಾಗಿ, ಕೋರ್ಟಿಗೆ ಹೋಗಿ, ಕೆಲಸ ನಿಂತೇ ಹೋಯಿತು. ಇಬ್ಬರ ಜಗಳ ಮೂರನೆಯವರಿಗೆ ಲಾಭ ಎನ್ನುವುದು ಸುಳ್ಳಲ್ಲ. ಕತ್ತಲಾಗಿ, ತಣ್ಣಗೆ, ಮನುಷ್ಯರ ಸುಳಿವಿಲ್ಲದೆ ಬಿದ್ದಿದ್ದ ಗರ್ಭಗುಡಿಗೆ ಕಣ್ಕಪ್ಪಡಿಗಳು ಬಂದು ಸೇರಿಕೊಂಡವು. ಹಣ್ಣು ತಿನ್ನುವ ದೊಡ್ಡ ಬಾವಲಿಗಳಲ್ಲ, ಹೊಲದ ಹುಳಹುಪ್ಪಟೆ ಹಿಡಿದು ತಿನ್ನುವ ಸಣ್ಣ ಜಾತಿ. ಬಾಗಿಲಿನ ಮೇಲ್ಪಟ್ಟಿಯ ಒಡಕಿನಿಂದಲೇ ಅವುಗಳ ಹೋಗಿಬರುವಿಕೆ.

ಸಂಪತ್ಕುಮಾರರ ತಂದೆ ಬಾಲಾಲಯದಲ್ಲಿಯೇ ಪೂಜೆ ಮಾಡುತ್ತ ಮಾಡುತ್ತ ಮುದುಕರಾಗಿ ತೀರಿಕೊಂಡರು. ಕೊನೆಯ ದಿನ ಮಗನ ಕೈ ಹಿಡಿದು ಒಂದೇ ಮಾತು ಹೇಳಿದರು: "ಸ್ವಾಮೀನ ಒಳಕ್ಕೆ ಕರಕೊಂಡು ಹೋಗು." ಅಂದಿನಿಂದ ಸಂಪತ್ಕುಮಾರರಿಗೆ ಬೇರೆ ಆಸೆ ಇರಲಿಲ್ಲ. ಅಪ್ಪ ತಲೆಯ ಮೇಲೆ ಹೊತ್ತು ಹೊರಗೆ ತಂದ ಕಲಶವನ್ನು ತಾನು ತಲೆಯ ಮೇಲೆ ಹೊತ್ತು ಒಳಗೆ ಒಯ್ಯಬೇಕು. ಅಷ್ಟಾದರೆ ಸಾಕು, ಆಮೇಲೆ ತನ್ನನ್ನು ಕರೆಸಿಕೊಂಡರೂ ಸರಿ ಎಂದು ದಿನವೂ ಕೇಳಿಕೊಳ್ಳುತ್ತಿದ್ದರು. ತಗಡಿನ ಚಪ್ಪರದಲ್ಲಿ ಬೇಸಗೆಯ ಧಗೆಗೆ ತುಳಸಿಮಾಲೆ ಬಾಡಿ ಹೋಗುವುದನ್ನು ಕಂಡಾಗಲೆಲ್ಲ, ಬಾಡಿಗೆ ಮನೆಯಲ್ಲಿ ಯಜಮಾನನನ್ನು ಕೂರಿಸಿದ ನಾಚಿಕೆ ಅವರನ್ನು ಸುಡುತ್ತಿತ್ತು.

ಕೊನೆಗೆ ಊರಿನ ಚನ್ನಪ್ಪನವರು ದೇವಸ್ಥಾನ ಸಮಿತಿಯ ಅಧ್ಯಕ್ಷರಾಗಿ, ಎರಡೂ ಕೇರಿಯವರನ್ನು ಕೂರಿಸಿ ರಾಜಿ ಮಾಡಿಸಿದರು. ಆಲೂಗಡ್ಡೆ ಬೆಳೆದು, ಮಾರಿ, ನಾಲ್ಕು ಜನರ ಹತ್ತಿರ ಏಗಿ ಗೊತ್ತಿದ್ದ ಮನುಷ್ಯ. ಹೊರಗಿನಿಂದಲೇ ಮಾಡು ಸರಿಪಡಿಸಿದ್ದಾಯಿತು. ಸಂಪತ್ಕುಮಾರರು ಪಂಚಾಂಗ ಬಿಡಿಸಿ, ಎರಡು ಸಾವಿರದ ನಾಲ್ಕನೆಯ ಇಸವಿಯ ವೈಶಾಖದಲ್ಲಿ ಮುಹೂರ್ತ ಇಟ್ಟುಕೊಟ್ಟರು. ಹನ್ನೆರಡು ವರ್ಷ ತುಂಬುವುದಕ್ಕೆ ಸರಿಯಾಗಿ ಸಿಕ್ಕಿದ ಒಳ್ಳೆಯ ದಿನ ಅದು. ಉಳಿದದ್ದು ಕಣ್ಕಪ್ಪಡಿಗಳ ಮಾತು ಮಾತ್ರ.

ಸಂಪತ್ಕುಮಾರರ ತಂಗಿಯ ಮಗಳು ಗೌತಮಿ ಹಾಸನದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕಿ. ಹಾಳು ಮಂಟಪ, ಕೆರೆಯ ತೂಬು, ಆಲದ ಮರ, ಹೀಗೆ ಜಿಲ್ಲೆಯಲ್ಲಿ ಬಾವಲಿಗಳು ನೆಲೆಸಿದ ಜಾಗಗಳಿಗೆ ತಿಂಗಳಿಗೊಮ್ಮೆ ಹೋಗಿ ನೋಡಿಕೊಂಡು ಬರಲು ಆಕೆ ಒಂದಷ್ಟು ಜನರನ್ನು ತಯಾರು ಮಾಡುತ್ತಿದ್ದಳು. ಹಾಸನದ ಶಾಲೆಯೊಂದರಲ್ಲಿ ಭಾನುವಾರ ತರಬೇತಿ. ಚನ್ನರಾಯಪಟ್ಟಣದಿಂದ ಚೂಡಾಮಣಿ ಎಂಬ ಮೇಡಂ ಬರುತ್ತಿದ್ದರು. ಶಾಂತಿಗ್ರಾಮದಿಂದ ಸಂಜಯ್, ಹಾಲಿನ ಡೇರಿಯಲ್ಲಿ ಬೆಳಗಿನ ಕೆಲಸ ಮುಗಿಸಿ, ಬಸ್ಸು ಹತ್ತಿ ಬರುತ್ತಿದ್ದ. ಇವರ ನಡುವೆ ನಾಮ ಇಟ್ಟುಕೊಂಡು, ಪಂಚೆ ಉಟ್ಟು, ಮುಂದಿನ ಬೆಂಚಿನಲ್ಲಿ ಸಂಪತ್ಕುಮಾರರು.

"ಗುಡಿಯ ಕೀಲಿ ನಿಮ್ಮ ಕೈಲಿದೆ ಮಾವ. ಕೀಲಿ ಇರೋರೇ ಮೊದಲು ಕಲೀಬೇಕು" ಎಂದು ಗೌತಮಿ ಕರೆದಿದ್ದಳು. ಅವರು ಹೋದದ್ದು ಬಾವಲಿಗಳ ಮೇಲಿನ ಪ್ರೀತಿಯಿಂದಲ್ಲ. ಅವು ಯಾವಾಗ ಹೋಗುತ್ತವೆ, ಹೇಗೆ ಹೋಗುತ್ತವೆ ಎಂದು ತಿಳಿದುಕೊಂಡರೆ ಸ್ವಾಮಿಗೆ ದಾರಿ ಸುಗಮವಾದೀತು ಎಂಬ ಲೆಕ್ಕ ಅವರದು. ಬಾಡಿಗೆದಾರನನ್ನು ಬಿಡಿಸಲು ವಕೀಲರ ಹತ್ತಿರ ಹೋದ ಹಾಗೆ ಹೋಗಿದ್ದರು ಎಂದರೂ ತಪ್ಪಿಲ್ಲ.

ಗೌತಮಿ ಒಂದೊಂದನ್ನೂ ಬಿಡಿಸಿ ಹೇಳಿದಳು. ನೆಲೆಯ ಹತ್ತಿರ ಮಾತಾಡಬಾರದು. ಸೆಂಟು ಹಚ್ಚಿಕೊಂಡು ಬರಬಾರದು. ಟಾರ್ಚಿಗೆ ಕೆಂಪು ಕಾಗದ ಕಟ್ಟಬೇಕು. ಬರಿಗೈಯಲ್ಲಿ ಮುಟ್ಟಲೇಬಾರದು. ಎಣಿಕೆ ಮಾಡುವುದು ಒಳಗೆ ಹೋಗಿ ಅಲ್ಲ, ಸಂಜೆ ಅವು ಹೊರಗೆ ಬೀಳುವ ಹೊತ್ತಿಗೆ ದೂರದಲ್ಲಿ ಕುಳಿತು. ಅದಕ್ಕೆಂದು ಪ್ರತಿಯೊಬ್ಬರಿಗೂ ಅಂಗೈಯಲ್ಲಿ ಹಿಡಿಸುವ ಲೆಕ್ಕದ ಯಂತ್ರ ಕೊಟ್ಟಳು. ಬಾವಲಿಯೊಂದು ಹೊರಬಿದ್ದರೆ ಹೆಬ್ಬೆರಳಿನಿಂದ ಒಂದು ಸಲ ಒತ್ತುವುದು. ಅಂಕಿ ತಾನಾಗಿ ಮುಂದೆ ಹೋಗುತ್ತದೆ.

ಮಾಘದ ಒಂದು ಸಂಜೆ ಎಲ್ಲರೂ ಕಲ್ಲುತೂಬಿನಹಳ್ಳಿಯ ಗುಡಿಯ ಎದುರು ಕುಳಿತು ಎಣಿಸಿದರು. ಬೆಳಕು ಮಂಕಾಗುತ್ತಿದ್ದಂತೆ ಬಾಗಿಲಿನ ಒಡಕಿನಿಂದ ಒಂದು ಬಂತು, ಇನ್ನೊಂದು ಬಂತು, ಆಮೇಲೆ ಎಡೆಬಿಡದೆ ಬಂದವು. ತಾವು ಇಷ್ಟು ವರ್ಷ ಬೈದುಕೊಂಡ ಪ್ರಾಣಿಗಳನ್ನು ಸಂಪತ್ಕುಮಾರರು ನೆಟ್ಟಗೆ ನೋಡಿದ್ದು ಅದೇ ಮೊದಲು. ಎಲ್ಲ ಮುಗಿದ ಮೇಲೆ ಲೆಕ್ಕ ನೋಡಿದರೆ ಮಿಕ್ಕವರದೆಲ್ಲ ಹೆಚ್ಚುಕಡಮೆ ಒಂದೇ, ಇವರದು ಹತ್ತಿರಹತ್ತಿರ ಎರಡರಷ್ಟು.

"ಅಯ್ನೋರು ದೇವತೆಗುಳ್ನೂ ಸೇರ್ಸಿ ಎಣ್ಸವ್ರೆ" ಎಂದ ಸಂಜಯ್. ಎಲ್ಲರೂ ನಕ್ಕರು. ಗೌತಮಿ ನಗಲಿಲ್ಲ. ಆಕೆ ಮಾವನ ಕೈಯನ್ನೇ ನೋಡುತ್ತಿದ್ದಳು. ಯಂತ್ರ ಹಿಡಿದ ಹೆಬ್ಬೆರಳು ಯಾವ ಬಾವಲಿಯೂ ಇಲ್ಲದ ಆ ಹೊತ್ತಿನಲ್ಲೂ ತನ್ನಷ್ಟಕ್ಕೆ ತಾನು ಒತ್ತುತ್ತಲೇ ಇತ್ತು.

ಮರುವಾರ ಹಾಸನದ ಡಾಕ್ಟರು ಅದಕ್ಕೆ ಪಾರ್ಕಿನ್ಸನ್ ಎಂದು ಹೆಸರು ಹೇಳಿದರು. ಮಾತ್ರೆ ಬರೆದುಕೊಟ್ಟರು. ನಿಲ್ಲಿಸುವುದಕ್ಕಾಗುವುದಿಲ್ಲ, ನಿಧಾನ ಮಾಡಬಹುದು ಎಂದರು. "ವೈಶಾಖದವರೆಗೆ ಒಂದು ಕಲಶ ಹಿಡಿಯೋಷ್ಟು ಇರುತ್ತಾ?" ಎಂದು ಸಂಪತ್ಕುಮಾರರು ಕೇಳಿದರು. ಡಾಕ್ಟರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಗೌತಮಿ ವಿವರಿಸಿದ ಮೇಲೆ, ಈ ವರ್ಷಕ್ಕೆ ತೊಂದರೆಯಿಲ್ಲ, ಮುಂದಿನ ವರ್ಷದ ಮಾತು ಹೇಳಲಾರೆ ಎಂದರು. ಸಂಪತ್ಕುಮಾರರು ಅದನ್ನೇ ವರವೆಂದು ತಿಳಿದು ಕೈಮುಗಿದರು. ಮುಗಿದ ಕೈಯೂ ನಡುಗುತ್ತಿತ್ತು.

ಅಂದಿನಿಂದ ಎಣಿಕೆಗೆ ಸಂಜಯ್ ಜೊತೆಯಾದ. ಇವರು ನೋಡಿ "ಹ್ಞೂಂ" ಎನ್ನುವುದು, ಅವನು ಒತ್ತುವುದು. ಶನಿವಾರದ ಪೂಜೆ ಮುಗಿಸಿ ಸಂಜೆಯವರೆಗೂ ಸಂಪತ್ಕುಮಾರರು ಅಲ್ಲಿಯೇ ಉಳಿಯತೊಡಗಿದರು. ಯಾವುದೋ ಒಂದು ಕಣ್ಕಪ್ಪಡಿ ಪ್ರತಿ ಸಲ ಎಲ್ಲರಿಗಿಂತ ಮೊದಲು ಹೊರಬಂದು, ಒಂದು ಸುತ್ತು ಹಾಕಿ, ಮತ್ತೆ ಒಳಗೆ ಹೋಗುತ್ತಿತ್ತು. ಹೊರಗೆ ಯಾರಿದ್ದಾರೆಂದು ನೋಡಿಕೊಂಡು ಬರಲು ಕಳಿಸುತ್ತಾರೇನೋ ಎಂದು ಅವರು ಸಂಜಯನಿಗೆ ಹೇಳಿದರು. ಅದಕ್ಕೆ ಸಂಜಯ್ "ನೀವೂ ಅವುಗುಳ್ ಕಡೀಕೇ ಸೇರ್ಕಂಡ್ಬುಟ್ರಿ ಬುಡಿ" ಎಂದ.

ಗೌತಮಿಯದು ಸರಳ ಉಪಾಯ. ಗುಡಿಯ ಹಿಂದೆ ಹಳೆಯ ಮಡಪಳ್ಳಿ ಇತ್ತು, ದೇವರ ಅಡಿಗೆ ಮನೆ. ಬಳಸದೆ ಎಷ್ಟೋ ಕಾಲವಾಗಿತ್ತು. ಅದನ್ನು ಕತ್ತಲು ಮಾಡಿ ಒಂದು ಕಿಂಡಿ ಬಿಟ್ಟು, ಇತ್ತ ಗರ್ಭಗುಡಿಯ ಬಾಗಿಲನ್ನು ದಿನವೂ ಸ್ವಲ್ಪ ಸ್ವಲ್ಪ ತೆರೆದು ಬೆಳಕು ಬಿಟ್ಟರೆ ಅವು ತಾವಾಗಿ ಅತ್ತ ಹೋಗುತ್ತವೆ. ಆದರೆ ಮರಿ ಹಾಕಿದ್ದರೆ ಮಾತ್ರ ಕದಲಿಸಬಾರದು. ರೆಕ್ಕೆ ಬಲಿಯುವವರೆಗೆ ಕಾಯಲೇಬೇಕು. ಸಾಮಾನ್ಯವಾಗಿ ಜ್ಯೇಷ್ಠದ ಹೊತ್ತಿಗೆ ಮರಿ, ಈಗಿನ್ನೂ ಚೈತ್ರ, ಹಾಗಾಗಿ ಸಮಯವಿದೆ ಎಂದು ಆಕೆ ಅಂದುಕೊಂಡಿದ್ದಳು. ಆ ವರ್ಷ ಮಳೆ ಬೇಗ ಬಿತ್ತು. ಅದನ್ನು ಅವಳಿಗಿಂತ ಮೊದಲು ಕಣ್ಕಪ್ಪಡಿಗಳು ತಿಳಿದುಕೊಂಡಿದ್ದವು.

ಒಂದು ಭಾನುವಾರ ಹಗಲಿನಲ್ಲಿ ಬಾಗಿಲನ್ನು ಒಂದು ಗೇಣು ಸರಿಸಿ, ಒಳಗೆ ಮರಿಗಳಿವೆಯೇ ಎಂದು ನೋಡುವುದೆಂದಾಯಿತು. ಗೌತಮಿ ಮುಂದೆ, ಚೂಡಾಮಣಿ ಮೇಡಂ ಮತ್ತು ಸಂಜಯ್ ಹಿಂದೆ. ಎಲ್ಲರೂ ಬರಿಗಾಲಿನಲ್ಲಿ, ಉಸಿರು ಬಿಗಿಹಿಡಿದು ನಿಂತಿದ್ದರು. ಬೀಗ ತೆಗೆಯುವ ಹಕ್ಕು ಸಂಪತ್ಕುಮಾರರದು. ಸದ್ದಾಗದಿರಲೆಂದು ಮೊದಲೇ ಎಣ್ಣೆ ಬಿಟ್ಟಿದ್ದ ಬೀಗವನ್ನು ಅವರು ಮೆಲ್ಲಗೆ ತಿರುಗಿಸಿದರು. ಕೊಂಡಿ ಕಳಚಿ ಕೆಳಗಿಟ್ಟರು. ಹನ್ನೆರಡು ವರ್ಷ ಮುಟ್ಟದ ಬಾಗಿಲು. ತಂದೆಯ ಕೈಬೆವರಿಗೆ ಕಪ್ಪಾಗಿದ್ದ ಅದೇ ಹಿಡಿ. ಅದನ್ನು ಮುಟ್ಟುವ ಮುನ್ನ ಅವರ ಎರಡು ಕೈಗಳು ಮೇಲೆದ್ದು, ಅವರನ್ನು ಕೇಳದೆ, ಮೂರು ಸಲ ಚಪ್ಪಾಳೆ ತಟ್ಟಿದವು.

ಆ ಸದ್ದು ಕಲ್ಲಿನ ಕೋಣೆಯೊಳಗೆ ಹೊಕ್ಕು ದೊಡ್ಡದಾಯಿತು. ಮರುಕ್ಷಣ ಒಳಗೆಲ್ಲ ರೆಕ್ಕೆಯ ಬಡಿತ. ಬಾಗಿಲಿನ ಒಡಕಿನಿಂದ ಹಗಲಿನ ಬೆಳಕಿಗೆ ಅವು ಒಂದರ ಮೇಲೊಂದು ಬಿದ್ದು ಹೊರಬಂದವು. ಕೆಲವಕ್ಕೆ ಎದೆಗೆ ಮರಿ ಕಚ್ಚಿಕೊಂಡಿತ್ತು. ಗೌತಮಿ "ಹಿಂದೆ ಬನ್ನಿ" ಎಂದಷ್ಟೇ ಹೇಳಿ ಎಲ್ಲರನ್ನೂ ಅಂಗಳದ ತುದಿಗೆ ಕರೆದೊಯ್ದಳು. ಎಲ್ಲ ತಣ್ಣಗಾದ ಮೇಲೆ ಕೈಗವಸು ಹಾಕಿಕೊಂಡು ಒಬ್ಬಳೇ ಒಳಗೆ ಹೋದಳು.

ಅವಳ ಹಿಂದೆಯೇ ಬಾಗಿಲಿಗೆ ಬಂದ ಸಂಪತ್ಕುಮಾರರಿಗೆ ಸಂದಿಯಿಂದ ಕಂಡದ್ದು ಸ್ವಾಮಿಯ ಪಾದ. ಪಾದದ ಬಳಿ ಕಲ್ಲಿನ ಮೇಲೆ, ಹುಣಿಸೆಬೀಜಕ್ಕಿಂತ ತುಸು ದೊಡ್ಡ, ಕೂದಲಿಲ್ಲದ, ನಸುಗೆಂಪು ಮರಿಗಳು ಅಲ್ಲಲ್ಲಿ ಬಿದ್ದಿದ್ದವು. ಕೆಲವು ಬಾಯಿ ತೆರೆಯುತ್ತಿದ್ದವು, ಕೆಲವು ಅಲುಗುತ್ತಿರಲಿಲ್ಲ. ಅವರು ಹೊಸ್ತಿಲಲ್ಲಿ ಬಗ್ಗಿ ಹತ್ತಿರದ್ದೊಂದಕ್ಕೆ ಕೈ ಚಾಚಿದರು.

"ಮುಟ್ಟಬೇಡಿ ಮಾವ" ಎಂದಳು ಗೌತಮಿ.

ಮಡಿಯಲ್ಲಿ ನಿಂತು ಜೀವಮಾನವೆಲ್ಲ ಇತರರಿಗೆ ಆ ಮಾತನ್ನು ಹೇಳಿದ್ದವರು ಅವರು. ಈಗ ಕೈ ಹಿಂದೆಗೆದುಕೊಂಡು ನಿಂತರು. ಜೀವವಿದ್ದ ಮರಿಗಳನ್ನು ಗೌತಮಿ ಒಂದೊಂದಾಗಿ ಎತ್ತಿ ಗೋಡೆಯ ಒರಟು ಕಲ್ಲಿಗೆ ಹಚ್ಚಿದಳು, ತಾಯಂದಿರು ಬಂದು ಹುಡುಕಿಕೊಳ್ಳಲೆಂದು. ಜೀವವಿಲ್ಲದವನ್ನು ಒಂದು ಬಾಳೆ ಎಲೆಯಲ್ಲಿ ಹೊರಗೆ ತಂದಳು. ಸಂಜಯ್ ಕೆರೆಯ ಏರಿಯ ಮಗ್ಗುಲಲ್ಲಿ ಒಂದು ಗುಂಡಿ ತೆಗೆದ. ಸಂಪತ್ಕುಮಾರರು ತಮ್ಮ ಪಾಲಿನ ಮೂರು ಹಿಡಿ ಮಣ್ಣು ಹಾಕುವಾಗ ಅರ್ಧ ಮಣ್ಣು ಬೆರಳ ಸಂದಿಯಿಂದ ಹೊರಗೇ ಉದುರಿತು.

"ತಪ್ಪು ನನ್ನದೇ" ಎಂದಳು ಗೌತಮಿ ವಾಪಸು ಬರುವಾಗ, ಬಸ್ಸಿನಲ್ಲಿ. "ಮಾತಾಡಬೇಡಿ ಅಂದೆ, ಬೆಳಕು ಬಿಡಬೇಡಿ ಅಂದೆ, ಪಟಾಕಿ ಬೇಡ ಅಂತ ಕೂಡ ಹೇಳಿದೆ. ಚಪ್ಪಾಳೆ ತಟ್ಟಬೇಡಿ ಅಂತ ಹೇಳಲೇ ಇಲ್ಲ. ನಾನೂ ಅದೇ ಮನೇಲಿ ಬೆಳೆದೋಳು. ನನಗಾದ್ರೂ ಹೊಳೀಬೇಕಿತ್ತು."

ಸಂಪತ್ಕುಮಾರರಿಗೆ ಅಪ್ಪನ ಮಾತು ನೆನಪಾಗುತ್ತಿತ್ತು. ಒಳಗೆ ಯಾರಿದ್ದಾರೋ ಕಾಣುವುದಿಲ್ಲ, ಅವರಿಗೆ ಮುಜುಗರವಾಗಬಾರದು ಎಂದು ತಾನೇ ಚಪ್ಪಾಳೆ? ಸ್ವಾಮಿ ಒಳಗಿರಲಿಲ್ಲ. ದೇವತೆಗಳು ಖಾಲಿ ಗುಡಿಗೆ ಯಾಕೆ ಬಂದಾರು? ಇದ್ದವರು ಇವರೇ, ಹಸಿ ಬಾಣಂತಿಯರು. ಮರ್ಯಾದೆ ಕೊಡಲು ಕಲಿಸಿದ ಕೈ ಅವರ ಮನೆ ಮುರಿದಿತ್ತು. ಗೊರೂರಿನ ತಿರುವು ಬರುವ ಹೊತ್ತಿಗೆ ಅವರು ಉತ್ತರೀಯದಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಗೌತಮಿ ಕಿಟಕಿಯ ಕಡೆ ತಿರುಗಿ ಕುಳಿತಳು.

ಮರಿಗಳು ಹಾರಲು ಆಷಾಢ ಬರಬೇಕು. ಆಷಾಢದಲ್ಲಿ ಮುಹೂರ್ತವಿಲ್ಲ, ಅಲ್ಲಿಂದಾಚೆ ದಕ್ಷಿಣಾಯನ. ಕಾದರೆ ಮುಂದಿನ ಉತ್ತರಾಯಣದವರೆಗೂ ಕಾಯಬೇಕು. ಅಷ್ಟರಲ್ಲಿ ಹನ್ನೆರಡು ವರ್ಷದ ಗಡಿ ಮೀರಿರುತ್ತದೆ, ಕೈಯೂ ಮೀರಿರುತ್ತದೆ. ಗೌತಮಿ ಇದನ್ನೆಲ್ಲ ತಿಳಿದೇ ಒಂದು ಮಾತೂ ಒತ್ತಾಯ ಮಾಡಲಿಲ್ಲ. ಅವಳು ಜಗಳವಾಡಿದ್ದರೆ ಅವರಿಗೆ ಸುಲಭವಾಗುತ್ತಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಜನ ಅವರ ಮುಖಕ್ಕೇ ಆಡಿ ನಕ್ಕದ್ದುಂಟು. ಈಗ ಮಾತ್ರ ಕೊಡುವುದೂ ಬಿಡುವುದೂ ನಿಜವಾಗಿ ಈ ಒಬ್ಬ ಪೂಜಾರಿಯ ಕೈಯಲ್ಲೇ ಇತ್ತು. ಮುಹೂರ್ತ ಇಟ್ಟವರು ಅವರು, ತೆಗೆಯಬೇಕಾದರೂ ಅವರೇ ತೆಗೆಯಬೇಕು. ಎರಡು ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಬೆಳಗಿನ ಬಸ್ಸಿಗೆ ಚನ್ನಪ್ಪನವರ ಮನೆಗೆ ಹೋದರು.

ಚನ್ನಪ್ಪನವರ ಮಗಳು ಅನುಶ್ರೀ ಹೆರಿಗೆಗೆ ತವರಿಗೆ ಬಂದಿದ್ದಳು. ಮಗುವಿಗೆ ತಿಂಗಳು ತುಂಬಿರಲಿಲ್ಲ. ನಡುಮನೆಯ ಕೋಣೆಗೆ ಪರದೆ ಕಟ್ಟಿತ್ತು. ಜಗಲಿಯಲ್ಲಿ ಕುಳಿತಿದ್ದ ಚನ್ನಪ್ಪನವರು ಎದ್ದು ಕೈಮುಗಿದು, ದನಿ ತಗ್ಗಿಸಿ ಮಾತಾಡಿದರು.

"ಬನ್ನಿ ಅಯ್ನೋರೆ. ಮೆಲ್ಲುಕ್ ಮಾತಾಡವ, ಕೂಸು ಈಗ್ತಾನೆ ಮಲಗೈತೆ. ನಾನೇ ಏಳ್ಕಳಿಸ್ಬೇಕು ಅಂತಿದ್ದೆ. ಶುಕ್ರವಾರ ಹುಡುಗ್ರುನ್ನ ಕಳುಸ್ತೀನಿ. ಒಂದ್ ಹಿಡಿ ಒಣಮೆಣಸಿನ್ಕಾಯ್ನ ಕೆಂಡಕ್ಕಾಕಿ ಬಾಗ್ಲಲ್ಲಿಟ್ರೆ ಆಯ್ತು. ಒಂದ್ ಕಣ್ಕಪ್ಪಡೀನೂ ಉಳಿಯಾಕಿಲ್ಲ."

"ಹೊಗೆ ಹಾಕೋ ಹಾಗಿಲ್ಲ ಚನ್ನಪ್ಪ. ಪ್ರತಿಷ್ಠೆಯೂ ಈ ವೈಶಾಖದಲ್ಲಿ ಆಗೋದಿಲ್ಲ."

"ಯಾಕೆ? ಏನಾಯ್ತು?"

"ಗರ್ಭಗುಡಿಗೆ ಪುರುಡು ಬಂದಿದೆ."

ಮನೆಯಲ್ಲಿ ಹೆರಿಗೆಯಾದಾಗ ಬರುವ ಮೈಲಿಗೆ ಪುರುಡು. ಅದು ಕಳೆಯುವವರೆಗೆ ಆ ಮನೆಯಲ್ಲಿ ದೇವರ ಕೆಲಸ ಇಲ್ಲ. ಚನ್ನಪ್ಪನವರ ಮನೆಯಲ್ಲೇ ಅದು ಈಚೆಗಷ್ಟೇ ಕಳೆದಿತ್ತು. ಅವರು ಅರ್ಥವಾಗದೆ ನೋಡಿದರು.

"ಯಾರಿಗ್ ಎರ್ಗೆ ಆಗಿರೋದು? ನಿಮ್ಮ ಪೈಕೀಲಾ?"

"ಕಣ್ಕಪ್ಪಡಿಗಳಿಗೆ."

ಚನ್ನಪ್ಪನವರು ನಗು ತಡೆಯಲಾರದೆ ಬಾಯಿಗೆ ಟವೆಲು ಒತ್ತಿಕೊಂಡರು. "ಕಣ್ಕಪ್ಪಡಿಗೂ ಪುರುಡಾ? ಇದ್ ಯಾವ ಶಾಸ್ತ್ರದಲ್ಲೈತೆ ಅಯ್ನೋರೆ?"

"ಯಾವುದರಲ್ಲೂ ಇಲ್ಲ. ಹೇಳ್ತಿರೋನು ನಾನು."

ಆ ದನಿ ಕೇಳಿ ಚನ್ನಪ್ಪನವರ ನಗು ನಿಂತಿತು. "ಅನ್ನೆಲ್ಡ್ ವರ್ಸ ಮೀರಬಾರ್ದು ಅಂದೋರು ನೀವೇ ಅಲ್ವಾ? ನೆಂಟ್ರುಗೆಲ್ಲ ಏಳಾಗೈತೆ. ಎಲ್ಡೂ ಕೇರಿಯೋರ್ನ ಒಂದ್ ಮಾಡಾಕೆ ನಾನ್ ಪಟ್ಟ ಪಾಡು ನಿಮ್ಗೇ ಗೊತ್ತು. ಈಗ ನಿಂತೋದ್ರೆ ಆಡ್ಕಂಡ್ ನಗೋರ ಮುಂದೆ ಎಡವಿ ಬಿದ್ದಂಗಾಯ್ತದೆ."

"ಗೊತ್ತು. ಬೈಯೋರು ನನ್ನನ್ನ ಬೈಲಿ. ಮುಹೂರ್ತ ನಾನು ತಪ್ಪಿಟ್ಟೆ ಅಂತ ಹೇಳು. ಗಡಿ ಮೀರಿದ್ದಕ್ಕೆ ಪ್ರಾಯಶ್ಚಿತ್ತ ಇದೆ, ಅದನ್ನ ಮಾಡೋಣ. ನಾನು ಮಾಡಿದ್ದಕ್ಕೆ ಮಾತ್ರ ಎಲ್ಲೂ ಪ್ರಾಯಶ್ಚಿತ್ತ ಬರೆದಿಲ್ಲ." ಭಾನುವಾರ ನಡೆದದ್ದನ್ನು ಅವರು ಮುಚ್ಚುಮರೆಯಿಲ್ಲದೆ ಹೇಳಿದರು.

ಚನ್ನಪ್ಪನವರು ಅವರ ಮಡಿಲಲ್ಲಿದ್ದ ಕೈಗಳನ್ನು ನೋಡಿದರು. ಎಡಗೈ ಬಲಗೈಯನ್ನು ಹಿಡಿದು ಕೂರಿಸಿತ್ತು.

"ನಿಮ್ ಕೈ ನೋಡ್ಕಂಡ್ರಾ ಅಯ್ನೋರೆ? ಬರೋ ವರ್ಸಕ್ಕೆ ಕಳ್ಸ ಎತ್ತೀರಾ ನೀವು?"

"ಎತ್ತೋದಿಲ್ಲ" ಎಂದರು ಸಂಪತ್ಕುಮಾರರು.

ಹಿತ್ತಲ ಕಡೆಯಿಂದ ನೀರೊಲೆಯ ಹೊಗೆ ತೆಳ್ಳಗೆ ಒಳಗೆ ಬರುತ್ತಿತ್ತು. ಪರದೆಯ ಹಿಂದೆ ಮಗು ಕೆಮ್ಮಿ, ಅಳಲು ಶುರು ಮಾಡಿತು. ಚನ್ನಪ್ಪನವರು ಕುಳಿತಲ್ಲಿಂದಲೇ, ಅಭ್ಯಾಸಬಲದಿಂದ, ಒಳಗಿನವರಿಗೆ ಹೇಳಿದರು: "ಹಿತ್ಲು ಬಾಗ್ಲು ಎಳ್ಕಳ್ರಮ್ಮಿ. ಬಾಣಂತಿ ಕ್ವಾಣೆಗೆ ಹೊಗೆ ಬತ್ತಾ ಐತೆ."

ಹೇಳಿದ ಮೇಲೆ ಅವರ ಮಾತು ಅವರಿಗೇ ಕೇಳಿಸಿತು. ಟವೆಲಿನಿಂದ ಮುಖ ಒರೆಸಿಕೊಂಡು, "ಕಾಪಿ ಕುಡುದ್ ಓಗಿ" ಎಂದರು. ಮೆಣಸಿನಕಾಯಿಯ ಮಾತನ್ನು ಮತ್ತೆ ಎತ್ತಲಿಲ್ಲ.

ಊರಿನಲ್ಲಿ ಆಡಿಕೊಳ್ಳುವವರು ಆಡಿಕೊಂಡರು. ಅಯ್ಯಂಗಾರ್ಯರು ಬಾವಲಿ ಬಾಣಂತನ ಮಾಡುತ್ತಿದ್ದಾರೆ, ಅಂಟಿನುಂಡೆ ಕಟ್ಟಿಸಿಕೊಂಡು ಹೋಗಿ ಎಂದು ಅರಕಲಗೂಡಿನ ಬಸ್ ಸ್ಟ್ಯಾಂಡಿನಲ್ಲೂ ಹಾಸ್ಯ ಹಬ್ಬಿತು. ಸಂಪತ್ಕುಮಾರರು ಶನಿವಾರ ತಪ್ಪಿಸಲಿಲ್ಲ. ಆಷಾಢದ ಜಿಟಿಜಿಟಿ ಮಳೆಯಲ್ಲಿ ಸಂಜಯ್ ಕೊಡೆ ಹಿಡಿದು ಕುಳಿತಿರಲು, ಮೊದಲ ಸಲ ಹೊರಬಿದ್ದ ಮರಿಗಳು ಎಡವಟ್ಟಾಗಿ ಸುತ್ತಿ, ಗೋಪುರಕ್ಕೆ ತಾಗಿ, ಸಾವರಿಸಿಕೊಂಡು ಹಾರಿದವು. ಅವರು "ಹ್ಞೂಂ, ಹ್ಞೂಂ" ಎನ್ನುವುದನ್ನೇ ಮರೆತು ನೋಡುತ್ತ ಕುಳಿತರು. ಆ ದಿನದ ಲೆಕ್ಕ ಸಂಜಯನದೇ.

ಮಳೆಗಾಲ ಮುಗಿದ ಮೇಲೆ ಮಡಪಳ್ಳಿಯ ಕಿಟಕಿಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡಿದರು. ಗರ್ಭಗುಡಿಗೆ ಬೆಳಕು ಬಿಡುತ್ತ ಬಂದರು. ಎಲ್ಲವೂ ಅತ್ತ ಹೋಗಲಿಲ್ಲ. ಅರ್ಧದಷ್ಟು ಮಡಪಳ್ಳಿಗೆ ಸೇರಿದವು, ಉಳಿದವು ಎಲ್ಲಿ ಹೋದವೋ ಗೌತಮಿಗೂ ತಿಳಿಯಲಿಲ್ಲ.

ಮಾಘದಲ್ಲಿ ಮುಹೂರ್ತ ಬಂತು. ಅಷ್ಟರಲ್ಲಿ ಸಂಪತ್ಕುಮಾರರು ತಮ್ಮ ತುತ್ತನ್ನೇ ನೆಟ್ಟಗೆ ಬಾಯಿಗೆ ಒಯ್ಯಲಾರದವರಾಗಿದ್ದರು. ಕಲಶ ಹೊರುವುದು ತಮ್ಮನ ಮಗ ಮುರಳೀಕೃಷ್ಣನ ಪಾಲಿಗೆ ಬಂತು. ಹಾಸನದ ಬ್ಯಾಂಕಿನಲ್ಲಿ ಕೆಲಸ, ಮಂತ್ರವೂ ಶುದ್ಧ, ತೋಳಿನಲ್ಲಿ ಕಸುವೂ ಇದೆ. ಅವನು ಬಂದು ಕಾಲಿಗೆ ಬಿದ್ದಾಗ ಅವರು ತಲೆ ಮುಟ್ಟಿ ಹರಸಿದರು. ಆದರೂ ಹೊಟ್ಟೆಯಲ್ಲಿ ಉರಿ ಹೊತ್ತಿಕೊಂಡದ್ದು ಸುಳ್ಳಲ್ಲ. ಅಪ್ಪನಿಗೆ ಏನು ಹೇಳಲಿ ಎಂದು ಹೋಮಕುಂಡದ ಮುಂದೆ ಕುಳಿತು ಒಳಗೊಳಗೇ ಕೇಳಿಕೊಂಡರು. ಪ್ರಾಯಶ್ಚಿತ್ತದ ಆಹುತಿಗಳಾದವು. ಮರದ ಮೂರ್ತಿಯಿಂದ ಸಾನ್ನಿಧ್ಯ ಕಲಶಕ್ಕೆ ಬಂತು. ಮುರಳೀಕೃಷ್ಣ ಅದನ್ನು ತಲೆಯ ಮೇಲಿಟ್ಟು ಎರಡು ಕೈಗಳಿಂದ ಹಿಡಿದು ಎದ್ದ.

ಗರ್ಭಗುಡಿಯ ಮುಂದೆ ಬಂದು ನಿಂತಾಗ ವಾಲಗ ನಿಂತಿತು. ಕಲಶ ಹೊತ್ತವನ ಕೈ ಖಾಲಿಯಿಲ್ಲ. ಬಾಗಿಲ ಮುಂದೆ ತಟ್ಟಬೇಕಾದವರು ಸಂಪತ್ಕುಮಾರರೇ. ಎರಡೂ ಕೇರಿಯ ಜನ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದರು. ಗೌತಮಿ ಕಂಬದ ಪಕ್ಕದಲ್ಲಿದ್ದಳು; ಮಾವ ಒಂದು ಗಳಿಗೆ ಹಿಂದಿನ ಮಡಪಳ್ಳಿಯ ಕಡೆ ಕಣ್ಣು ಹಾಯಿಸಿದ್ದನ್ನು ಆಕೆ ಕಂಡಳು.

ಅವರು ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿದರು. ಎರಡು ಅಂಗೈಗಳೂ ನಡುಗುತ್ತ ಹತ್ತಿರ ಬಂದವು, ಒಂದನ್ನೊಂದು ತಪ್ಪಿಸಿಕೊಂಡು ಸರಿದವು, ಮತ್ತೆ ಬಂದವು. ಬೆರಳ ತುದಿಗೆ ಬೆರಳ ತುದಿ ಸೋಕಿತು. ಹಾಗೆ ಮೂರು ಸಲ. ಎಲೆ ಬಿದ್ದಷ್ಟೂ ಸದ್ದಾಗಲಿಲ್ಲ.

ಬಾಗಿಲಿಗೆ ಮುಖಮಾಡಿ ನಿಂತಿದ್ದ ಮುರಳೀಕೃಷ್ಣನಿಗೆ ಏನೂ ಕೇಳಿಸಲಿಲ್ಲ. ಕಲಶದ ಭಾರದಲ್ಲಿ ಕತ್ತು ತಿರುಗಿಸಲಾರದೆ ಮೆಲ್ಲಗೆ ಕೇಳಿದ:

"ದೊಡ್ಡಪ್ಪ, ತಟ್ಟಿದಿರಾ?"

ಸಂಪತ್ಕುಮಾರರು ಭುಜದಿಂದ ಬಾಗಿಲನ್ನು ದೂಡಿದರು.

"ತಟ್ಟಿದೆ ಕಣಪ್ಪ. ಸ್ವಾಮೀನ ಒಳಕ್ಕೆ ಕರಕೊಂಡು ಹೋಗು."